ಮೊದಲು ಕಿವಿ, ಆಮೇಲೆ ಕೀಬೋರ್ಡು



ಪ್ರದರ್ಶನದ ದೀಪ ಹಚ್ಚಿದ್ದಾಯಿತು. ಮೇಜುಗಳ ಮೇಲೆ ಜೋಡಿಸಿಟ್ಟಿರುವ ಕೀಬೋರ್ಡು, ಶ್ರುತಿಪೆಟ್ಟಿಗೆ, ಮೈಕು, ಲ್ಯಾಪ್‌ಟಾಪುಗಳ ಹತ್ತಿರ ಶಿಕ್ಷಕರಾದ ನೀವು ಹೋಗುವ ಮೊದಲು ಒಂದು ಮಾತು. ಸಂಗೀತ ತಂತ್ರಜ್ಞಾನ ನಮ್ಮ ಶಾಲೆಗಳಿಗೆ ಹೊಸದಾಗಿ ಬರಬೇಕಾಗಿಲ್ಲ, ಆಗಲೇ ಬಂದು ಕೂತಿದೆ. ವಾರ್ಷಿಕೋತ್ಸವದ ಸಂಜೆ ಆಳೆತ್ತರದ ಸೌಂಡ್ ಬಾಕ್ಸು, ಅದಕ್ಕೊಂದು ಪೆನ್‌ಡ್ರೈವು, ಅದರೊಳಗೆ ಸಿನಿಮಾ ಹಾಡು. ಮಕ್ಕಳು ಕುಣಿಯುತ್ತಾರೆ, ಹೆಚ್ಚೆಂದರೆ ತುಟಿ ಆಡಿಸುತ್ತಾರೆ. ಹಾಡುವ ಕೆಲಸ ಪೆಟ್ಟಿಗೆಯದು. ನನ್ನ ತಕರಾರು ಪೆಟ್ಟಿಗೆಯ ಮೇಲಲ್ಲ, ಅದನ್ನು ತಿರುಗಿಸಿಟ್ಟ ದಿಕ್ಕಿನ ಮೇಲೆ. ಹೊರಗಿನ ದನಿಯನ್ನು ತಂದು ತರಗತಿಯಲ್ಲಿ ಸುರಿಯುವ ಬದಲು, ಮಗುವಿನ ದನಿಯನ್ನೂ ಊರಿನ ದನಿಯನ್ನೂ ಹಿಡಿದಿಟ್ಟು ಅದೇ ಮಗುವಿಗೆ ಮತ್ತೆ ಕೇಳಿಸುವುದು ಯಂತ್ರದ ಮೊದಲ ಕೆಲಸವಾಗಬೇಕು. ಅದಕ್ಕೆ ಬೇಕಾದ ಸಾಮಾನು ಮೇಷ್ಟ್ರ ಜೇಬಿನ ಫೋನಿನಲ್ಲೇ ಇದೆ.

ಯಂತ್ರ ಶಾಲೆಗೆ ಬಂದದ್ದು ಇದೇ ಮೊದಲಲ್ಲ. ಆಕಾಶವಾಣಿಯ ಚಿಣ್ಣರ ಚುಕ್ಕಿ, ಕೇಳಿ ಕಲಿ ಕಾರ್ಯಕ್ರಮಗಳು ಹಾಡನ್ನೂ ಪಾಠವನ್ನೂ ಹಳ್ಳಿಯ ತರಗತಿಗೆ ತಲುಪಿಸಿದವು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಶಾಲೆಗಳಿಗೆ ಪಾಠ ಇಳಿಯಿತು. 2010ಕ್ಕೆ ಉಪಗ್ರಹದ ಆಯುಸ್ಸೇ ಮುಗಿಯಿತು. ಒಳ್ಳೆಯ ಪ್ರಯತ್ನಗಳೇ. ಆದರೆ ಎಲ್ಲದರಲ್ಲೂ ದನಿ ಬಂದದ್ದು ಒಂದೇ ಕಡೆಯಿಂದ. ಮಗು ಎಷ್ಟು ಚೆನ್ನಾಗಿ ಹಾಡಿದರೂ ರೇಡಿಯೊಗೆ ಕೇಳುತ್ತಿರಲಿಲ್ಲ. ಅತ್ತ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಕರೆಂಟಿನ ಹಂಗಿಲ್ಲದೆ ಹಾಡಿನ ಜೊತೆ ಅಕ್ಷರ ಕಲಿಸುತ್ತಾ ರಾಜ್ಯವಿಡೀ ಹಬ್ಬಿತು. ಅಲ್ಲಿ ಹಾಡುವವರು ಮಕ್ಕಳೇ. ಯಂತ್ರವನ್ನು ಆ ಹಾಡುವ ಮಕ್ಕಳ ಪಕ್ಕಕ್ಕೆ ತಂದಿಡುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಸೀಮೆಯಲ್ಲಿ ಹಿಡಿದಿಡಲು ಏನಿದೆ ಎಂದು ಕೇಳುವವರು ಜಾತ್ರೆಗೆ ಹೋಗದವರಿರಬೇಕು. ಉರುಮೆ ಇದೆ, ಸೋಬಾನೆ ಇದೆ, ಮೂಡಲಪಾಯದ ಮುಖವೀಣೆ ಇದೆ. ಕಾಡುಗೊಲ್ಲರ ದೈವ ಜುಂಜಪ್ಪನ ಗಣೆಯನ್ನೇ ನೋಡಿ. ಆ ಉದ್ದನೆಯ ಬಿದಿರಿನ ಕೊಳಲಿನ ದನಿಯನ್ನು ಫೋನಿನಲ್ಲಿ ಹಿಡಿದು, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ದನಿ ಅಲೆಯ ಗೆರೆಯಾಗಿ ಪರದೆಯ ಮೇಲೆ ಬೀಳುತ್ತದೆ. ನುಡಿಸುವವರು ಉಸಿರು ತೆಗೆದುಕೊಂಡ ಕಡೆ ಗೆರೆ ತೆಳುವಾಗುತ್ತದೆ, ಉಸಿರು ತುಂಬಿದ ಕಡೆ ಉಬ್ಬುತ್ತದೆ. ಕಿವಿ ಕೇಳಿದ್ದನ್ನು ಮಕ್ಕಳು ಬೆರಳಿಟ್ಟು ತೋರಿಸಬಹುದು. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಶಬ್ದದ ಪಾಠವಿದೆ, ಅದನ್ನು ಒಂದು ಪೈಪಿನಲ್ಲೇ ತೋರಿಸಬಹುದು. ಎರಡೂ ಬಾಯಿ ತೆರೆದ ಒಂದು ಮೀಟರ್ ಪಿವಿಸಿ ಪೈಪಿನೊಳಗಿನ ಗಾಳಿ ಸೆಕೆಂಡಿಗೆ ಸುಮಾರು 170 ಸಲ ಕಂಪಿಸುತ್ತದೆ. ಅರ್ಧಕ್ಕೆ ಕೊಯ್ದರೆ 340, ಅಂದರೆ ಮೇಲಿನ ಷಡ್ಜ. ಮೂರರಲ್ಲಿ ಎರಡು ಪಾಲು ಉಳಿಸಿದರೆ ಪಂಚಮ. ಭಿನ್ನರಾಶಿ, ಆವೃತ್ತಿ, ಸ್ವರ ಮೂರೂ ಒಂದೇ ಪೈಪಿನಲ್ಲಿ ಸಿಗುತ್ತವೆ. ಫಿಫಾಕ್ಸ್ ಎಂಬ ಉಚಿತ ಆ್ಯಪು ಆ ಕಂಪನವನ್ನು ಎಣಿಸಿ ತೋರಿಸುತ್ತದೆ. ಇಲ್ಲೊಂದು ಎಚ್ಚರಿಕೆಯೂ ಬೇಕು. ಗಣೆಯ ಮುಂದೆ ಟ್ಯೂನರ್ ಆ್ಯಪು ಹಿಡಿದರೆ ಸ್ವರ ತಪ್ಪೆಂದು ಅದರ ಮುಳ್ಳು ಹೊಯ್ದಾಡಬಹುದು. ತಪ್ಪು ಗಣೆಯದಲ್ಲ. ಟ್ಯೂನರು, ಕೀಬೋರ್ಡು ಎರಡೂ ಸ್ಥಾಯಿಯನ್ನು ಸಾಮಾನ್ಯವಾಗಿ ಹನ್ನೆರಡು ಸಮಪಾಲಾಗಿ ಅಳೆಯುತ್ತವೆ. ಬಿದಿರಿಗೆ ತೂತು ಕೊರೆದವರು ಆ ಲೆಕ್ಕಕ್ಕೆ ಸಹಿ ಹಾಕಿದವರಲ್ಲ. ಶಾಲೆಯ ಮೊದಲ ಖರೀದಿ ಕೀಬೋರ್ಡು ಆಗಬಾರದು ಎನ್ನುವುದಕ್ಕೆ ನನ್ನ ಕಾರಣವೂ ಇದೇ. ಅಳತೆಗೋಲು ಮೊದಲು ಕೈಗೆ ಬಂದರೆ, ಅಜ್ಜನ ಹಾಡು ಮಗುವಿಗೆ ಅಪಸ್ವರವಾಗಿ ಕೇಳಲು ಶುರುವಾಗುತ್ತದೆ.

ಯಂತ್ರ ಬಂದರೆ ಸಂಗೀತ ಕೆಡುತ್ತದೆ ಎನ್ನುವವರಿದ್ದಾರೆ; ಅವರಿಗೆ ಶ್ರುತಿಪೆಟ್ಟಿಗೆಯೇ ಉತ್ತರ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನಮ್ಮ ಬೆಂಗಳೂರಿನದೇ ಕೂಸು. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ತಂಬೂರಿಯ ನಾದ ಅದರಲ್ಲಿಲ್ಲ ಎಂಬ ದೂರು ಇಂದಿಗೂ ಇದೆ, ನಿಜವೂ ಹೌದು. ಆದರೂ ತಂಬೂರಿ ಕೊಳ್ಳಲಾಗದ, ಹಿಡಿದು ಕೂರುವವರಿಲ್ಲದ ಮನೆಗಳಲ್ಲಿ ಮಕ್ಕಳು ಶ್ರುತಿ ಹಿಡಿದದ್ದು ಅದರಿಂದಲೇ. ಅದು ಹಾಡುಗಾರರ ಜಾಗ ಕಿತ್ತುಕೊಳ್ಳಲಿಲ್ಲ, ಹಿಂದೆ ಕೂತು ಅವರನ್ನು ಹಾಡಿಸಿತು. ಪೆನ್‌ಡ್ರೈವ್ ಹಾಡು ಮಾತ್ರ ಜಾಗವನ್ನೇ ಹಿಡಿಯುತ್ತದೆ.

ಸಂಗೀತ ಶಿಕ್ಷಕರೇ ಇಲ್ಲ, ಇದೆಲ್ಲ ಯಾರು ಮಾಡಬೇಕು ಎಂಬ ಪ್ರಶ್ನೆ ಹೆಚ್ಚು ಭಾರವಾದದ್ದು. ಫೋನು ಸಂಗೀತ ಶಿಕ್ಷಕರಿಗೆ ಬದಲಿಯಲ್ಲ. ಬದಲಿ ಎಂದು ಹೇಳಿ ಯಾರಾದರೂ ಹುದ್ದೆ ತಪ್ಪಿಸಲು ಹೊರಟರೆ ಅದನ್ನು ವಿರೋಧಿಸಲೇಬೇಕು. ಸಂಗೀತ ಶಿಕ್ಷಕರು ಬರುವವರೆಗೆ ಕನ್ನಡ ಮೇಷ್ಟ್ರು ಒಂದು ಪದ್ಯವನ್ನು ಮಕ್ಕಳಿಂದ ಹಾಡಿಸಿ, ರೆಕಾರ್ಡ್ ಮಾಡಿ, ಅಲ್ಲೇ ಕೇಳಿಸಲು ರಾಗಜ್ಞಾನವೇನೂ ಬೇಡ. ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಅಂಥ ಮನೆಯ ಮಗು ತನ್ನ ಕನ್ನಡವನ್ನು ತಾನೇ ಕೇಳಿ ತಿದ್ದಿಕೊಂಡರೆ ಬೆತ್ತಕ್ಕಿಂತ ಚೆನ್ನಾಗಿ ನಾಟುತ್ತದೆ. ಅದೇ ಮಗು ಮನೆಯ ತೆಲುಗು ಹಾಡೊಂದನ್ನು ಹಿಡಿದು ತಂದರೆ ಅದಕ್ಕೂ ತರಗತಿಯಲ್ಲಿ ಜಾಗವಿರಲಿ. ಮಕ್ಕಳ ಕೈಗೆ ಫೋನ್ ಬೇಡ ಎನ್ನುವವರ ಆತಂಕ ಸರಿಯಾದದ್ದೇ. ಇದಕ್ಕೆ ಸಾಕಾಗುವುದು ಒಂದೇ ಫೋನು, ಅದೂ ಶಿಕ್ಷಕರದು, ಡೇಟಾ ಆಫ್ ಮಾಡಿದ್ದು. ಕರೆಂಟಿನ ಮಾತು ಯಾರೂ ಎತ್ತಬೇಡಿ; 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವ ಪಾವಗಡ ತಾಲ್ಲೂಕಿನಲ್ಲಿ ಒಂದು ಫೋನ್ ಚಾರ್ಜಾಗುವುದಿಲ್ಲವೆಂದರೆ ಅದನ್ನು ವಿಧಾನಸಭೆಯಲ್ಲೇ ಕೇಳಬೇಕಾಗುತ್ತದೆ.

ಕೊನೆಯದಾಗಿ, ಹಿಡಿದ ಹಾಡು ಯಾರದ್ದು ಎಂಬ ವಿಚಾರ. ಜುಂಜಪ್ಪನ ಕಾವ್ಯ ಭಕ್ತರಿಗೆ ಪೂಜೆಯ ಭಾಗ. ಎಲ್ಲ ಪದವನ್ನೂ ಎಲ್ಲ ಹೊತ್ತಿನಲ್ಲೂ ಹಾಡುವಂತಿಲ್ಲ ಎಂದು ಹಾಡುವವರು ಹೇಳಿದರೆ ಅಲ್ಲಿಗೆ ರೆಕಾರ್ಡಿಂಗ್ ನಿಲ್ಲಬೇಕು. ಒಪ್ಪಿಗೆ ಕೇಳುವುದು, ಅವರು ಒಪ್ಪಿದರೆ ಹಾಡಿದವರ ಹೆಸರು, ಊರು, ತಾರೀಖು ಬರೆದಿಡುವುದು, ಒಂದು ಪ್ರತಿ ಅವರ ಮನೆಗೆ ಕೊಡುವುದು, ಕೇಳದೆ ಯೂಟ್ಯೂಬಿಗೆ ಹಾಕದಿರುವುದು, ಇದನ್ನೂ ಅಡಾಸಿಟಿಯ ಜೊತೆಗೇ ಕಲಿಸಿ. ಒಳಗಿನ ಮಳಿಗೆಗಳಲ್ಲಿ ಮಾರುವವರನ್ನು ಬೆಲೆ ಕೇಳುವ ಮುಂಚೆ, ಈ ಯಂತ್ರದಲ್ಲಿ ನಮ್ಮ ಮಕ್ಕಳ ಹಾಡು ಹಿಡಿಯುವುದು ಹೇಗೆ ಎಂದು ಕೇಳಿ ನೋಡಿ. ಪ್ರದರ್ಶನ ಉದ್ಘಾಟನೆಯಾಗಿದೆ, ದಯಮಾಡಿ ಒಳಗೆ ನಡೆಯಿರಿ.