ದಮ್ಮು ಎಂದು ಸುಮ್ಮನಿರಬೇಡಿ
(ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ಏದುಸಿರು ಬಂದರೂ ದಮ್ಮು, ಎದೆಯಲ್ಲಿ ಗೊರಗೊರ ಸದ್ದಾದರೂ ದಮ್ಮು, ಕೆಮ್ಮು ನಿಲ್ಲದಿದ್ದರೂ ದಮ್ಮು ಎನ್ನುವುದು ನಮ್ಮ ಕಡೆಯ ರೂಢಿ. ಆದರೆ ದಮ್ಮು ಒಂದು ರೋಗದ ಹೆಸರಲ್ಲ, ಅದು ಲಕ್ಷಣ. ಆಸ್ತಮಾದಿಂದ ದಮ್ಮು ಬರಬಹುದು. ಬೀಡಿ ಮತ್ತು ಒಲೆಯ ಹೊಗೆಯಿಂದ ಕೆಟ್ಟ ಶ್ವಾಸಕೋಶದಿಂದ ಬರಬಹುದು. ಕ್ಷಯ, ಹೃದಯದ ದೌರ್ಬಲ್ಯ, ರಕ್ತಹೀನತೆಯಿಂದಲೂ ಬರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ಪಕ್ಕದ ಮನೆಯವರಿಗೆ ಹಿಡಿದ ಗುಳಿಗೆ ನಿಮಗೆ ಹಿಡಿಯಬೇಕೆಂದಿಲ್ಲ.

ಯಾವುದು ಯಾವ ರೋಗ?

ಆಸ್ತಮಾದಲ್ಲಿ ಉಸಿರಿನ ನಾಳಗಳ ಒಳಗೆ ಊತ ಬಂದು, ಸುತ್ತಲಿನ ಸ್ನಾಯು ಬಿಗಿಯುತ್ತದೆ. ದಮ್ಮು ಬರುತ್ತದೆ, ಹೋಗುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚು. ಧೂಳು, ಹೊಗೆ, ನೆಗಡಿ, ಚಳಿಗಾಳಿಯಿಂದ ಕೆರಳುತ್ತದೆ. ರಾಶಿ ಮಾಡುವಾಗ, ಹೊಟ್ಟು ತೂರುವಾಗ ಉಲ್ಬಣಿಸುವುದನ್ನು ಎಷ್ಟೋ ಜನ ಕಂಡಿದ್ದೀರಿ. ಸರಿಯಾದ ಔಷಧಿಯಿಂದ ಹೆಚ್ಚಿನವರಲ್ಲಿ ಆಸ್ತಮಾ ಹತೋಟಿಗೆ ಬರುತ್ತದೆ.

ಎರಡನೆಯದು ಸಿಓಪಿಡಿ. ಸಾಮಾನ್ಯವಾಗಿ 40 ವರ್ಷ ದಾಟಿದವರಿಗೆ ಬರುತ್ತದೆ. ಬೀಡಿ, ಸಿಗರೇಟು ಸೇದಿದವರಿಗೆ ಮಾತ್ರವಲ್ಲ, ಕಟ್ಟಿಗೆ, ಕುಳ್ಳು ಹಾಕಿ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ತಾಯಂದಿರಿಗೂ ಬರುತ್ತದೆ. ಏದುಸಿರು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತದೆ. ‘ವಯಸ್ಸಾಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ಆದ ಹಾನಿ ಮರಳಿ ಸರಿಹೋಗದು. ಆದರೆ ಹೊಗೆ ಬಿಟ್ಟರೆ ಮುಂದಿನ ಹಾನಿಯ ವೇಗ ತಗ್ಗುತ್ತದೆ.

ಮೂರನೆಯದು ಕ್ಷಯ. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಫ ಪರೀಕ್ಷೆ ಮಾಡಿಸಿ. ಸರ್ಕಾರದ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ದಿನವೂ ಗುಳಿಗೆ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ಬರುವ ನೆರವು 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ. ಎರಡು ತಿಂಗಳಿಗೆ ಮೈ ಹಗುರವಾಯಿತೆಂದು ಗುಳಿಗೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಹುಟ್ಟಬಹುದು. ಅದು ಮನೆಯವರಿಗೂ ಅಂಟಬಹುದು.

ಪರೀಕ್ಷೆಗಳು

ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು. ಆಸ್ತಮಾದಲ್ಲಿ ಎಕ್ಸ್‌ರೇ ಸಹಜವಾಗಿಯೇ ಇರಬಹುದು. ಬೇಕಾದದ್ದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ. ಎದೆ ತುಂಬ ಉಸಿರೆಳೆದು, ಜೋರಾಗಿ, ಖಾಲಿಯಾಗುವವರೆಗೂ ಊದಬೇಕು. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಹೊರಬಂತು ಎಂದು ಯಂತ್ರ ಹೇಳುತ್ತದೆ. ಅದು 100ಕ್ಕೆ 70ಕ್ಕಿಂತ ಕಡಿಮೆಯಾದರೆ ನಾಳಗಳಲ್ಲಿ ಅಡಚಣೆ ಇದೆ ಎಂದರ್ಥ. ಬಳಿಕ ಔಷಧಿ ಕೊಟ್ಟು, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತೇವೆ. ಚೆನ್ನಾಗಿ ಸುಧಾರಿಸಿದರೆ ಆಸ್ತಮಾ ಕಡೆಗೆ, ಅಡಚಣೆ ಹಾಗೆಯೇ ಉಳಿದರೆ ಸಿಓಪಿಡಿ ಕಡೆಗೆ ಬೆರಳು ತೋರುತ್ತದೆ. ಅರೆಮನಸ್ಸಿನಿಂದ ಊದಿದರೆ ಫಲಿತಾಂಶ ತಪ್ಪುತ್ತದೆ. ದಯವಿಟ್ಟು ಪೂರ್ತಿ ಶಕ್ತಿ ಹಾಕಿ ಊದಿರಿ.

ಪಂಪಿನ ಭಯ ಬೇಡ

‘ಡಾಕ್ಟರೇ, ಗುಳಿಗೆ ಕೊಡಿ, ಪಂಪು ಬೇಡ, ಅದು ಚಟ ಆಗುತ್ತದೆ’ ಎಂಬ ಮಾತು ದಿನವೂ ಕೇಳುತ್ತೇವೆ. ಲೆಕ್ಕ ನೋಡಿ. ಸಾಲ್ಬುಟಮಾಲ್ ಗುಳಿಗೆ ಒಂದರಲ್ಲಿ 4 ಮಿಲಿಗ್ರಾಂ ಇರುತ್ತದೆ, ಅಂದರೆ 4000 ಮೈಕ್ರೋಗ್ರಾಂ. ಅದೇ ಔಷಧಿಯ ಪಂಪನ್ನು ಎರಡು ಸಲ ಎಳೆದರೆ ಒಟ್ಟು 200 ಮೈಕ್ರೋಗ್ರಾಂ. ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ! ಗುಳಿಗೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ. ಪಂಪಿನ ಔಷಧಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಪಂಪು ಚಟವಲ್ಲ, ಕನ್ನಡಕದ ಹಾಗೆ ಒಂದು ಅಗತ್ಯ.

ಆದರೆ ಪಂಪಿನಲ್ಲಿ ಎರಡು ಬಗೆ. ಒಂದು, ತಕ್ಷಣ ಉಸಿರು ಬಿಡಿಸುವುದು. ಇನ್ನೊಂದು, ಊತವನ್ನೇ ತಗ್ಗಿಸುವುದು. ಇದನ್ನು ದಮ್ಮು ಇರಲಿ, ಇಲ್ಲದಿರಲಿ, ಹೇಳಿದಂತೆ ದಿನವೂ ತೆಗೆದುಕೊಳ್ಳಬೇಕು. ಆಸ್ತಮಾದಲ್ಲಿ ಮೊದಲನೆಯದನ್ನೇ ನಂಬಿ ಎರಡನೆಯದನ್ನು ಬಿಟ್ಟವರಿಗೇ ಅಪಾಯ ಹೆಚ್ಚು. ಕೆಲವರಿಗೆ ಎರಡೂ ಕೂಡಿದ ಒಂದೇ ಪಂಪನ್ನು ಬರೆದುಕೊಡುತ್ತೇವೆ.

ಬಳಸುವ ಕ್ರಮ: ಪಂಪು ಅಲುಗಾಡಿಸಿ. ಉಸಿರು ಹೊರಬಿಡಿ. ತುಟಿ ಬಿಗಿಹಿಡಿದು, ನಿಧಾನವಾಗಿ ಒಳಗೆಳೆಯುತ್ತ ಒತ್ತಿರಿ. 10 ಸೆಕೆಂಡು ಉಸಿರು ಹಿಡಿಯಿರಿ. ಊತ ತಗ್ಗಿಸುವ ಪಂಪಾದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ. ಮಕ್ಕಳಿಗೂ ವೃದ್ಧರಿಗೂ ಸ್ಪೇಸರ್ ಜೋಡಿಸಿದರೆ ಸುಲಭ. ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟರೆ ಅದನ್ನು ನುಂಗಬಾರದು, ಸಾಧನದಲ್ಲಿಟ್ಟು ಎಳೆಯಬೇಕು. ನುಂಗಿ ‘ಗುಣ ಆಗಲಿಲ್ಲ’ ಎನ್ನುವವರಿದ್ದಾರೆ.

ಬಂಧುಗಳಲ್ಲಿ ಒಂದು ವಿನಂತಿ

ಮದುವೆಗೆ ಅಡ್ಡಿಯಾದೀತೆಂದು ಮಗಳ ಪಂಪನ್ನು ಬಚ್ಚಿಡಿಸುವ ಮನೆಗಳಿವೆ. ಗಂಡನ ಮನೆಯಲ್ಲಿ ಹೇಳಲಾರದೆ, ರಾತ್ರಿಯ ದಮ್ಮನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಹೆಣ್ಣುಮಗಳ ಪ್ರಾಣಕ್ಕೇ ಸಂಚಕಾರ. ಗರ್ಭಿಣಿಯಾದಾಗಲೂ ಪಂಪು ಬಿಡಿಸಬೇಡಿ. ತಾಯಿಯ ಉಸಿರು ಕಟ್ಟಿದರೆ ಕೂಸಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಆಸ್ತಮಾ ಅಂಟುರೋಗವಲ್ಲ. ಅದು ಯಾರ ತಪ್ಪೂ ಅಲ್ಲ.

ಮೃಗಶಿರಾ ಮಳೆ ಕೂಡುವಾಗ ಮೀನಿನಲ್ಲೋ ಬೆಲ್ಲದಲ್ಲೋ ಇಟ್ಟು ನುಂಗಿಸುವ ಔಷಧಿಗೆಂದು ಹೈದರಾಬಾದಿಗೆ ಹೋಗುವವರೂ ಇದ್ದೀರಿ. ಅದರಿಂದ ಆಸ್ತಮಾ ಗುಣವಾಗುವುದು ವೈಜ್ಞಾನಿಕವಾಗಿ ಸಿದ್ಧವಾಗಿಲ್ಲ. ಹೋದರೂ ಪಂಪು ನಿಲ್ಲಿಸಬೇಡಿ, ಜೇಬಿನಲ್ಲೇ ಇರಲಿ.

ತಡಮಾಡಬಾರದ ಸಮಯ

ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಕ್ಕೆಲುಬು ಒಳಕ್ಕೆ ಎಳೆಯುತ್ತಿದ್ದರೆ, ಮಂಪರು ಕವಿದರೆ ಬೆಳಗಾಗಲೆಂದು ಕಾಯಬೇಡಿ. ರೋಗಿಯನ್ನು ಮಲಗಿಸದೆ, ಮುಂದಕ್ಕೆ ಬಾಗಿಸಿ ಕೂಡಿಸಿ. ಸುತ್ತ ಗುಂಪುಗೂಡಬೇಡಿ. ತಕ್ಷಣ ಉಸಿರು ಬಿಡಿಸುವ ಪಂಪನ್ನು ಸ್ಪೇಸರ್ ಮೂಲಕ ಒಂದೊಂದಾಗಿ 4 ಸಲ ಕೊಡುತ್ತಲೇ 108ಕ್ಕೆ ಕರೆಮಾಡಿಸಿ. 4 ನಿಮಿಷದಲ್ಲಿ ಹಗುರವಾಗದಿದ್ದರೆ ಮತ್ತೆ 4 ಸಲ ಕೊಡಿ. ಎಳೆಮಕ್ಕಳು ಮಲಗಿದ್ದಾಗ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗಿನವರಿಗೆ 50, ಐದು ವರ್ಷದೊಳಗಿನವರಿಗೆ 40 ಮುಟ್ಟಿದರೆ ನ್ಯುಮೋನಿಯಾ ಇರಬಹುದು, ಕೂಡಲೇ ಕರೆತನ್ನಿ.

ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡ ಸಿಓಪಿಡಿ ರೋಗಿಗಳ ಮನೆಯವರು ಪ್ರಮಾಣವನ್ನು ತಾವಾಗಿ ಏರಿಸಬಾರದು. ಅವರಲ್ಲಿ ಹಲವರಿಗೆ ಬೆರಳಿನ ಯಂತ್ರದಲ್ಲಿ 88ರಿಂದ 92 ಇದ್ದರೆ ಸಾಕು. ಅತಿಯಾದರೆ ಮಂಪರು ಬರುತ್ತದೆ. ಆಕ್ಸಿಜನ್ ಇರುವಲ್ಲಿ ಬೀಡಿ, ದೀಪ, ಒಲೆ ಹತ್ತಿರ ಸುಳಿಯಬಾರದು.

ಕೊನೆಯದಾಗಿ, ಮುಂದಿನ ಸಲ ಬರುವಾಗ ಹಳೆಯ ಚೀಟಿ, ಎಕ್ಸ್‌ರೇಗಳ ಜೊತೆಗೆ ನಿಮ್ಮ ಪಂಪನ್ನೂ ತನ್ನಿರಿ. ನೀವು ಎಳೆಯುವ ರೀತಿಯನ್ನು ನಮ್ಮೆದುರು ಒಮ್ಮೆ ತೋರಿಸಿ. ಔಷಧಿ ಬದಲಿಸುವ ಮೊದಲು ಅದನ್ನು ನೋಡುವುದೇ ನಮ್ಮ ಮೊದಲ ಕೆಲಸ.