ಭಯದ ಅಳತೆ

ಭಯವಾದಾಗ ಎದೆ ಡವಗುಟ್ಟುವುದು ಎಲ್ಲರಿಗೂ ಅನುಭವದ ಮಾತು. ಮೂತ್ರಪಿಂಡಗಳ ಮೇಲಿರುವ ಎರಡು ಪುಟ್ಟ ಗ್ರಂಥಿಗಳು ಆಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಅಪಾಯ ಕಳೆದ ಮೇಲೆ ದೇಹ ಶಾಂತವಾಗಬೇಕು. ಆದರೆ ವಿಯಟ್ನಾಮಿನಿಂದ ಮರಳಿದ ಅನೇಕ ಅಮೆರಿಕನ್ ಸೈನಿಕರಿಗೆ ಕನಸಿನಲ್ಲಿ ಯುದ್ಧ ಮುಗಿಯಲೇ ಇಲ್ಲ. ಈ ಬೇನೆಗೆ ಅಲ್ಲಿಯ ಮನೋವೈದ್ಯರು 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯೆಂದು ಹೆಸರಿಟ್ಟರು.

ಇಂಥವರಲ್ಲಿ ಕಾರ್ಟಿಸಾಲ್ ಹೆಚ್ಚಿರಬೇಕೆಂದು ಯಾರಾದರೂ ಊಹಿಸಿಯಾರು. 1986ರಲ್ಲಿ ಜಾನ್ ಮೇಸನ್ ಮತ್ತು ಸಂಗಡಿಗರು ಕೆಲವು ರೋಗಿಗಳ ಮೂತ್ರ ಪರೀಕ್ಷಿಸಿದಾಗ ಅದು ಕಡಿಮೆಯಿತ್ತು! ಮುಂದಿನ ಪರೀಕ್ಷೆಗಳಲ್ಲಿ ಕೆಲವೆಡೆ ಕಡಿಮೆ, ಕೆಲವೆಡೆ ಹೆಚ್ಚು, ಕೆಲವೆಡೆ ವ್ಯತ್ಯಾಸವೇ ಇಲ್ಲ.

ಆದ್ದರಿಂದ ರಸವನ್ನಷ್ಟೇ ಅಳೆದು ಈ ಕಾಯಿಲೆ ಉಂಟು, ಇಲ್ಲ ಎನ್ನಲಾಗದು. ವೈದ್ಯರಿಗೆ ಇಂದಿಗೂ ರೋಗಿಯ ಮಾತೇ ಮುಖ್ಯ ಆಧಾರ. ಆ ಮಾತನ್ನು ತಾಳ್ಮೆಯಿಂದ ಕೇಳುವುದು ಮನೆಯವರಿಗೂ ಸಾಧ್ಯವಲ್ಲವೆ?