ವಿವಾಹಮಂಟಪದ ಹೂವು



ಹೊಸದುರ್ಗದ ಸೀಮೆಯಲ್ಲಿ ಮಳೆ ಕಡಮೆಯಾದರೂ ವಿವಾಹದ ಅಲಂಕಾರಕ್ಕೆ ಬಡತನವಿಲ್ಲ. ತೆಂಗಿನ ಗರಿಯು ಚಪ್ಪರವಾಗುವುದು, ಮಾವಿನೆಲೆಯು ತೋರಣವಾಗುವುದು, ಬಾಳೆಯ ಕಂಬವು ಬಾಗಿಲಿಗೆ ನಿಲ್ಲುವುದು. ಹೂವುಗಳನ್ನಾದರೋ ಗುಣವರಿತು ಆರಿಸತಕ್ಕುದು. ಮಲ್ಲಿಗೆಗೆ ಪರಿಮಳವುಂಟು, ಬಾಳಿಕೆಯಿಲ್ಲ. ಕನಕಾಂಬರಕ್ಕೆ ಪರಿಮಳವಿಲ್ಲ, ಆದರೆ ಬೇಗ ಬಾಡದು. ಎರಡನ್ನೂ ಕೂಡಿಸಿ ಕಟ್ಟಿದ ದಂಡೆಯಲ್ಲಿ ಒಂದರ ಕೊರತೆಯನ್ನು ಮತ್ತೊಂದು ತುಂಬುವುದು. ದಾಂಪತ್ಯಕ್ಕೂ ಇದೇ ಪಾಠ. ಸೇವಂತಿಗೆ, ಚೆಂಡುಹೂವುಗಳು ದಿನವೆಲ್ಲ ತಾಳುವುದರಿಂದ ಮಂಟಪಕ್ಕೆ ಯೋಗ್ಯವಾದುವು.

ಇವೆಲ್ಲವೂ ಕೈಯಳತೆಯಲ್ಲಿರಲು, ದೂರದೇಶದ ಹೂವುಗಳಿಗೂ ಪ್ಲಾಸ್ಟಿಕ್ ಮಾಲೆಗಳಿಗೂ ಸಾಲಮಾಡುವ ಗೃಹಸ್ಥರು ಇಂದು ಹೆಚ್ಚುತ್ತಿರುವರು. ಸಂಜೆಗೆ ಹೂವು ಬಾಡುವುದು. ಸಾಲವು ಮಾತ್ರ ವಧುವಿನ ತಂದೆಯ ತಲೆಯ ಮೇಲೆ ವರ್ಷಗಟ್ಟಲೆ ಉಳಿಯುವುದು. ನೆರೆಮನೆಯ ಬಡವನೂ ಅದನ್ನೇ ಕಂಡು, ತನ್ನ ಮಗಳಿಗೂ ಅಷ್ಟು ಮಾಡದಿದ್ದರೆ ಮಾನವುಳಿಯದೆಂದು ಹೊಲವನ್ನು ಒತ್ತೆಯಿಡುವನು.

1966ರಲ್ಲಿ ಕುವೆಂಪುರವರು ತಮ್ಮ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯವೆಂಬ ಸರಳ ವಿಧಿಯಿಂದ ನಡೆಸಿ, ಆಡಂಬರವಿಲ್ಲದೆಯೂ ಮಂಗಳವುಂಟೆಂದು ತೋರಿಸಿದರು. ಮಠಗಳ ಸಾಮೂಹಿಕ ವಿವಾಹಗಳಲ್ಲಿಯೂ ಉಳ್ಳವರ ಮಕ್ಕಳಿಗೂ ಕೂಲಿಯವರ ಮಕ್ಕಳಿಗೂ ಹಾರವೊಂದೇ ಬಗೆಯದು.

ಆದುದರಿಂದ ಉಳ್ಳವರೇ ಮೊದಲು ಮಿತವನ್ನು ಪಾಲಿಸಲಿ. ಹಿತ್ತಿಲಲ್ಲಿ ಅರಳಿದುದನ್ನು ಕೊಯ್ಯಿರಿ. ಸಾಲದುದನ್ನು ನೆರೆಯ ರೈತನಿಂದ ಕೊಳ್ಳಿರಿ. ಅಂತಹ ಚಪ್ಪರದ ಕೆಳಗೆ ಬಡವನೂ ತಲೆಯೆತ್ತಿ ಕುಳಿತುಕೊಳ್ಳುವನು.